ಬರದ ಸೀಮೆಯ ಮುತ್ತು



ಹೋದ ವಾರ ಒಂದು ಬೆಳಿಗ್ಗೆ, ಇನ್ನೂ ಕಾಫಿ ಕುಡಿದಿರಲಿಲ್ಲ, ಪಕ್ಕದ ಮನೆಯಾಕೆ ಕೈಯಲ್ಲೊಂದು ಚೀಟಿ ಹಿಡಿದು ಬಂದರು. ಅವರ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಹೆಣ್ಣು ಮಗು. ಮಖಾ ನಕ್ಷತ್ರ, ಮೂರನೆಯ ಪಾದ; 'ಮು' ಅಕ್ಷರದಲ್ಲಿ ಹೆಸರು ಬರಬೇಕು ಅಂತ ಐನೋರು ಬರೆದುಕೊಟ್ಟ ಚೀಟಿ ಅದು. "ಮೇಷ್ಟ್ರೇ, ನನ್ನ ಮಗಳಿಗೆ ಹೆಸರಿನಾಗೆ ಒಂದು ಹರಳು ಇರಬೇಕಂತೆ. ರೂಬಿ, ಪರ್ಲು ಅಂತ ಮೊಬೈಲು ನೋಡ್ಕೊಂಡು ಕುಂತವಳೆ. ನಮ್ಮ ಕನ್ನಡದಾಗೆ ಏನೂ ಇಲ್ವಾ?" ಅಂದರು.

"ಇದೆಯಲ್ಲಮ್ಮ, ಮುತ್ತು ಅಂತ ಇಡಿ" ಅಂದೆ.

ಅವರ ಮುಖ ಸಣ್ಣದಾಯಿತು. "ಅಯ್ಯೋ, ಮುತ್ತಮ್ಮ ಅಂತಲಾ? ಅದು ನಮ್ಮಜ್ಜಿ ಹೆಸರು ಕಣ್ರಿ!"

ಅಜ್ಜಿಯ ಹೆಸರು ಎಂಬುದೇ ಒಂದು ಹೆಸರಿನ ಮೇಲೆ ಬಿದ್ದ ಅಪವಾದವಾಯಿತಲ್ಲ ಎಂದು ನನಗೆ ಅವತ್ತೆಲ್ಲ ಸಂಕಟವಾಯಿತು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಅಂತ ಈ ಚಿತ್ರದುರ್ಗ ಸೀಮೆಯ ಶಾಲೆಗಳಲ್ಲೇ ನನ್ನ ಜೀವಮಾನ ಕಳೆದಿದೆ. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುತ್ತ ಬರೆಯುತ್ತ ಹೆಸರುಗಳ ಮೇಲೆ ಮೋಹ ಹತ್ತಿತು. ಅದರಲ್ಲೂ ಈ ಒಂದು ಹೆಸರಿನ ಮೇಲೆ. ಹಾಗಾಗಿ ಇವತ್ತಿನ ನನ್ನ ಮಾತೆಲ್ಲ ಮುತ್ತಿನದೇ.

ಮೊದಲು ಮಾತಿನ ಸೊಗಸು ನೋಡಿ. ಕನ್ನಡದಲ್ಲಿ ಮುತ್ತು ಅಂದರೆ ಸಮುದ್ರದ ಚಿಪ್ಪಿನಲ್ಲಿ ಸಿಗುವ ಮುತ್ತು. ಅದೇ ಮಾತಿಗೆ ತಾಯಿ ಮಗುವಿನ ಕೆನ್ನೆಗೆ ಕೊಡುವ ಮುತ್ತು ಎಂಬ ಅರ್ಥವೂ ಇದೆ. ಒಂದೇ ಪದ, ಎರಡು ಒಡವೆ. ಮಗಳನ್ನು 'ಮುತ್ತೂ' ಅಂತ ಕೂಗಿದರೆ ಕರೆದ ಹಾಗೂ ಆಯಿತು, ಮುದ್ದಿಸಿದ ಹಾಗೂ ಆಯಿತು. ಈ ಭಾಗ್ಯ ರೂಬಿಗೂ ಇಲ್ಲ, ಪರ್ಲಿಗೂ ಇಲ್ಲ. ಸಂಸ್ಕೃತದಲ್ಲಿ ಇದೇ ವಸ್ತುವಿಗೆ 'ಮುಕ್ತಾ' ಎನ್ನುತ್ತಾರೆ. ಮುಕ್ತಾ ಎಂಬುದರಿಂದ ಮುತ್ತು ಬಂತು ಎಂದು ನಾವು ಶಾಲೆಯಲ್ಲಿ ತದ್ಭವದ ಪಾಠದಲ್ಲಿ ಕಲಿತೆವು. ಆದರೆ ದ್ರಾವಿಡ ಭಾಷೆಗಳ ಮುತ್ತೇ ಮೊದಲು, ಅದನ್ನು ಕೇಳಿ ಸಂಸ್ಕೃತದವರು ಮುಕ್ತಾ ಮಾಡಿಕೊಂಡರು ಎನ್ನುವ ವಿದ್ವಾಂಸರೂ ಇದ್ದಾರೆ. ಮುತ್ತು ಸಿಗುತ್ತಿದ್ದದ್ದು ದಕ್ಷಿಣದ ಕಡಲಿನಲ್ಲಿ, ಮನ್ನಾರ್ ಕೊಲ್ಲಿಯಲ್ಲಿ. ವಸ್ತು ನಮ್ಮದು, ಹೆಸರೂ ನಮ್ಮದೇ ಇದ್ದೀತು. ನಾನಂತೂ ಆ ಪಕ್ಷಕ್ಕೇ ಸೇರಿದವನು.

ಒಂದು ಎಚ್ಚರಿಕೆ. ಮುತ್ತಜ್ಜಿ, ಮುತ್ತಾತ ಎಂಬಲ್ಲಿರುವುದು ಈ ಮುತ್ತಲ್ಲ; ಅದು ಮುದಿ, ಮುಪ್ಪು ಎಂಬ ಬಳಗದ್ದು. ಚಿಕ್ಕಂದಿನಲ್ಲಿ ಇದು ನನಗೆ ತಿಳಿದಿರಲಿಲ್ಲ. ನಮ್ಮ ಮನೆಯ ಮುತ್ತಜ್ಜಿಯ ಮೂಗುಬೊಟ್ಟಿನಲ್ಲಿ ಒಂದೇ ಒಂದು ಮುತ್ತಿತ್ತು, ಹಳದಿಗೆ ತಿರುಗಿದ್ದು. ಅದಿರುವುದರಿಂದಲೇ ಅವಳು ಮುತ್ತಜ್ಜಿ ಎಂದುಕೊಂಡಿದ್ದೆ. ಮುತ್ತೈದೆಯ ಮುತ್ತು ಮಾತ್ರ ಈ ಮುತ್ತೇ. ಐದೆ ಎಂದರೆ ಅವಿಧವೆ, ಅದಕ್ಕೆ ಮುತ್ತು ಸೇರಿ ಮುತ್ತೈದೆ. ಗಂಡ ಸತ್ತ ಹೆಣ್ಣಿನಿಂದ ಅರಿಶಿನ, ಬಳೆ, ಹೂವು ಕಿತ್ತುಕೊಂಡ ಸಮಾಜ ಈ ಮಾತನ್ನೂ ಕಿತ್ತುಕೊಂಡಿತು. ಆದರೆ ಮುತ್ತಮ್ಮ ಎಂದು ಹೆಸರಿಟ್ಟುಕೊಂಡವಳಿಂದ ಆ ಮುತ್ತನ್ನು ಯಾರೂ ಕಿತ್ತುಕೊಳ್ಳಲಾಗಲಿಲ್ಲ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ವಿಧವೆಯರು ಕೊನೆಯುಸಿರಿನ ತನಕ ಮುತ್ತಮ್ಮ ಎಂದೇ ಕರೆಸಿಕೊಂಡರು. ಅದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಈಗ ನೀವು ಕೇಳಬಹುದು: ನಮ್ಮದು ಕಲ್ಲಿನ ಕೋಟೆ, ಬರದ ಸೀಮೆ. ಸಮುದ್ರ ಎಲ್ಲೋ ಘಟ್ಟದ ಆಚೆ. ಚಿಪ್ಪನ್ನು ಕಣ್ಣಲ್ಲಿ ಕಾಣದ ಜನ ಮಗಳಿಗೆ ಮುತ್ತು ಅಂತ ಯಾಕೆ ಹೆಸರಿಟ್ಟರು?

ನಾನು ಬಹಳ ವರ್ಷ ತಲೆ ಕೆಡಿಸಿಕೊಂಡ ಪ್ರಶ್ನೆ ಇದು. ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಹಿರಿಯೂರಿನ ಕಡೆಯ ಒಂದು ಎರೆಹೊಲದ ಬದುವಿನ ಮೇಲೆ. ಹಿಂಗಾರಿನ ಜೋಳ ತೆನೆ ಕಟ್ಟಿತ್ತು. ಹೊಲದ ಯಜಮಾನರು ಒಂದು ತೆನೆ ಮುರಿದು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, "ನೋಡಿ ಸ್ವಾಮಿ, ಮುತ್ತು, ಮುತ್ತು!" ಅಂದರು. ಬೆಳ್ಳಗೆ, ದುಂಡಗೆ, ಹೊಳೆಯುವ ಕಾಳು. ನನಗೆ ಮಿಂಚು ಹೊಡೆದ ಹಾಗಾಯಿತು. ನಮ್ಮ ಜನಕ್ಕೆ ಮುತ್ತು ಎಂದರೆ ಕಾಳು, ಕಾಳು ಎಂದರೆ ಮಳೆ.

ಮಳೆಗೂ ಮುತ್ತಿಗೂ ಇರುವ ನಂಟು ಹಳೆಯದು. ಸ್ವಾತಿ ಮಳೆಯ ಹನಿ ಬಾಯಿ ತೆರೆದ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದರು. ಸ್ವಾತಿ ಮಳೆ ಅಕ್ಟೋಬರ್ ಕೊನೆಯ ವಾರದಲ್ಲಿ ಹುಟ್ಟಿ ನವೆಂಬರ್ ಮೊದಲ ವಾರದಲ್ಲಿ ಮುಗಿಯುತ್ತದೆ. ಹಿಂಗಾರು ಬಿತ್ತಿ ಮುಗಿಲು ನೋಡುತ್ತ ಕೂತವನಿಗೆ ಆ ಒಂದು ಮಳೆ ಬಂದರೆ ಬದುಕು. ವರ್ಷಕ್ಕೆ 600 ಮಿಲಿಮೀಟರ್ ಮಳೆಯನ್ನು ಕಾಣುವುದೇ ಕಷ್ಟವಾದ ಹಿರಿಯೂರಿನಂಥ ತಾಲ್ಲೂಕಿನಲ್ಲಿ ಸ್ವಾತಿಯ ಒಂದೊಂದು ಹನಿಯೂ ಮುತ್ತಾಗದೆ ಇನ್ನೇನಾದೀತು? ಇಂಗ್ಲಿಷಿನವರು ಕೂಡ ನಮ್ಮ ಸಜ್ಜೆಗೆ 'ಪರ್ಲ್ ಮಿಲೆಟ್' ಎಂದೇ ಹೆಸರಿಟ್ಟಿದ್ದಾರೆ. ಕಾಳಿನಲ್ಲಿ ಮುತ್ತನ್ನು ಕಂಡವರು ನಾವೊಬ್ಬರೇ ಅಲ್ಲ ಎಂದಾಯಿತು.

ವಿಜ್ಞಾನ ಬೇರೆ ಹೇಳುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಚಿಪ್ಪಿನ ಜೀವಿಯ ಮೆತ್ತನೆಯ ಮೈಯೊಳಗೆ ಏನಾದರೂ ಹೊಕ್ಕು ನೋಯಿಸಿದರೆ, ಅದು ತನ್ನ ಚಿಪ್ಪಿನ ಒಳಮೈಗೆ ಬಳಿಯುವ ಹೊಳಪಿನ ದ್ರವವನ್ನೇ ಆ ನೋವಿನ ಸುತ್ತ ಪದರ ಪದರವಾಗಿ ಸುತ್ತುತ್ತದೆ. ವರ್ಷಗಟ್ಟಲೆ ಸುತ್ತಿದ ಮೇಲೆ ಮುತ್ತು. ಜಪಾನಿನ ಮಿಕಿಮೊಟೊ ಎಂಬಾತ 1893ರಲ್ಲಿ ಚಿಪ್ಪಿನೊಳಗೆ ತಾನೇ ಬೀಜವಿಟ್ಟು ಮುತ್ತು ಬೆಳೆಸಿ ತೋರಿಸಿದ. ಅಂದರೆ ಅದೂ ಒಂದು ಬಿತ್ತನೆ, ಅದೂ ಒಂದು ಬೆಳೆಯೇ. ನವರತ್ನದಲ್ಲಿ ಮಾಣಿಕ್ಯ, ಪಚ್ಚೆ, ವಜ್ರ, ನೀಲ, ಪುಷ್ಯರಾಗ, ಗೋಮೇಧಿಕ, ವೈಡೂರ್ಯ ಇವೆಲ್ಲ ಭೂಮಿಯಿಂದ ಅಗೆದ ಕಲ್ಲು. ಜೀವದಿಂದ ಹುಟ್ಟುವುದು ಎರಡೇ, ಮುತ್ತು ಮತ್ತು ಹವಳ. ಕಲ್ಲನ್ನು ಸಾಣೆ ಹಿಡಿದು, ಮೂಲೆ ಕತ್ತರಿಸಿ ಹೊಳೆಯಿಸಬೇಕು. ಮುತ್ತು ಹೊಳೆಯುತ್ತಲೇ ಹುಟ್ಟುತ್ತದೆ. ಹೆಣ್ಣು ಮಗುವಿಗೆ ಇಡುವ ಹೆಸರು ಇಂಥದ್ದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ನಮ್ಮೂರಿನಿಂದ ಕಡಲು ದೂರ ಅಂದೆ. ಪೂರ್ತಿ ನಿಜವಲ್ಲ. ದುರ್ಗದ ಬೆಟ್ಟದ ಬೆನ್ನಿಗೆ ಚಂದ್ರವಳ್ಳಿ ಇದೆಯಲ್ಲ, ನಾವೆಲ್ಲ ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ಕಣಿವೆ, ಅಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳೂ ಸಿಕ್ಕಿದವು. ಮೈಸೂರಿನ ಎಂ. ಎಚ್. ಕೃಷ್ಣ ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ಆ ನಾಣ್ಯಗಳ ಕಾಲದ ಸುಮಾರಿಗೆ ರೋಮಿನಲ್ಲಿ ಪ್ಲಿನಿ ಎಂಬ ಪಂಡಿತ ಕೂತು, ನಮ್ಮ ಹೆಂಗಸರ ಶೋಕಿಗೆ ಪೂರ್ವ ದೇಶಗಳು ವರ್ಷಾವರ್ಷ ನಮ್ಮ ಹಣ ದೋಚುತ್ತಿವೆ ಎಂದು ಗೋಳಾಡುತ್ತಿದ್ದ. ಅವನ ಕೋಪಕ್ಕೆ ಗುರಿಯಾದವುಗಳಲ್ಲಿ ಮುತ್ತೂ ಒಂದು. ಚಂದ್ರವಳ್ಳಿಗೆ ಆ ಬೆಳ್ಳಿ ಯಾವುದರ ಬೆಲೆಯಾಗಿ ಬಂತು ಎಂದು ಯಾವ ಮಡಕೆ ಚೂರೂ ಹೇಳುವುದಿಲ್ಲ. ಆದರೆ ಅಲ್ಲಿನ ಕೆರೆಯ ದಂಡೆಯ ಮೇಲೆ ಕೂತಾಗಲೆಲ್ಲ ನನ್ನ ಮನಸ್ಸು ಹಟ ಹಿಡಿಯುತ್ತದೆ, ದಕ್ಷಿಣದ ಮುತ್ತು ಉತ್ತರಕ್ಕೆ ಹೋಗುವಾಗ ಒಂದು ರಾತ್ರಿ ಈ ಬಂಡೆಗಳ ನಡುವೆ ತಂಗಿರಲೇಬೇಕು ಎಂದು.

ಮುಂದಿನ ಸಾವಿರ ವರ್ಷ ರಾಜರದು, ಬೇಗ ದಾಟೋಣ. ಹಂಪೆಯ ಬೀದಿಯಲ್ಲಿ ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರಿದರು ಎಂಬ ಮಾತು ನಿಮಗೆಲ್ಲ ಗೊತ್ತು. 1443ರಲ್ಲಿ ಬಂದ ಪರ್ಷಿಯಾದ ಅಬ್ದುಲ್ ರಜಾಕ್ ವಿಜಯನಗರದ ಪೇಟೆಯಲ್ಲಿ ಮುತ್ತು ಮಾಣಿಕ್ಯಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ನಮ್ಮ ದುರ್ಗದ ನಾಯಕರು ಆ ವಿಜಯನಗರಕ್ಕೆ ನಡೆದುಕೊಂಡವರು. ನನಗೆ ಇದರಲ್ಲಿ ಇಷ್ಟವಾಗುವುದು ಬಳ್ಳ. ರಾಗಿ, ಜೋಳ ಅಳೆಯುವ ಬಳ್ಳದಲ್ಲೇ ಮುತ್ತನ್ನೂ ಅಳೆದರು ಎಂದು ನೆನೆಸಿಕೊಂಡವರು ರೈತರೇ ಇರಬೇಕು.

ಮುತ್ತು ಕೊಳ್ಳಲಾರದವರು ಏನು ಮಾಡಿದರು? ಹೊಸದುರ್ಗ ತಾಲ್ಲೂಕಿನ ಮತ್ತೋಡಿಗೆ ಹೋಗಿ. 1800ರ ಸುಮಾರಿಗೆ ಫ್ರಾನ್ಸಿಸ್ ಬುಕನನ್ ಈ ದಾರಿಯಲ್ಲಿ ಬಂದಾಗ ಅಲ್ಲಿ ಗಾಜು ಕಾಯಿಸುವ ಕುಲುಮೆಗಳು ಉರಿಯುತ್ತಿದ್ದವು. ಚೌಳು ಮಣ್ಣನ್ನು ಬೇಯಿಸಿ, ಬಣ್ಣ ಬಣ್ಣದ ಗಾಜು ಮಾಡಿ, ಹೆಂಗಸರ ಕೈಗೆ ಬಳೆ ತೊಡಿಸುತ್ತಿದ್ದ ಊರು ಅದು. ಬೆಳೆಗೆ ಬಾರದ ಚೌಳು ನೆಲ ಕೂಡ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಹೊಳೆಯಿತು. ಆ ಕುಲುಮೆಗಳು ಆರಿ ಹೋದದ್ದು ಈ ಜಿಲ್ಲೆಯ ದೊಡ್ಡ ನಷ್ಟ. ಬಳೆ ಎಂದಾಗ ಇನ್ನೊಂದು ನೆನಪಾಯಿತು. ಹತ್ತನೆಯ ಶತಮಾನದ ಕವಿ ರನ್ನ ಬಳೆಗಾರರ ಮನೆಯ ಮಗ. ರನ್ನ ಎಂದರೆ ರತ್ನ. ಬಳೆ ಮಾರುವ ತಂದೆ ಮಗನಿಗೆ ರತ್ನ ಎಂದು ಹೆಸರಿಟ್ಟ. ಆ ಮಗನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆಗೆ ಲೋಕ ಕೊಟ್ಟ ಬಿರುದು ದಾನಚಿಂತಾಮಣಿ. ಹೆಣ್ಣೊಬ್ಬಳಿಗೆ ಮಣಿಯ ಹೆಸರು ಅವಳ ಕೊಡುವ ಕೈಗಾಗಿ ಬಂತು. ಹೊನ್ನಿನ ಜಿನಬಿಂಬ ಮಾಡಿಸಿ ಹಂಚಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು.

ಅತ್ತಿಮಬ್ಬೆ ಬಸದಿ ಕಟ್ಟಿಸಿದ ಲಕ್ಕುಂಡಿಯಲ್ಲೇ ನನ್ನ ನಿಜವಾದ ಕಥಾನಾಯಕಿ ಇದ್ದಾಳೆ. ಮುತ್ತು ಎಂದರೆ ನನಗೆ ಅವಳೇ. ಸ್ವಲ್ಪ ಹೊತ್ತು ಅವಳ ಹತ್ತಿರ ಕೂರೋಣ.

ಅವಳ ಹೆಸರು ಮುಕ್ತಾಯಕ್ಕ. ಹನ್ನೆರಡನೆಯ ಶತಮಾನದ ಶರಣೆ. ಅವಳ ಒಡಹುಟ್ಟಿದವನು ಅಜಗಣ್ಣ. ಅಣ್ಣನೂ ಅವನೇ, ಗುರುವೂ ಅವನೇ. ಈ ಅಜಗಣ್ಣ ಗುಪ್ತಭಕ್ತ. ತನ್ನ ಭಕ್ತಿ ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಎಂದು ಲಿಂಗವನ್ನು ಬಾಯೊಳಗೆ ಮರೆಸಿಟ್ಟುಕೊಂಡಿದ್ದ ಎಂದು ಕಥೆ. ಯೋಚಿಸಿ ನೋಡಿ, ಬಾಯಿ ಮುಚ್ಚಿದ ಚಿಪ್ಪು, ಒಳಗೊಂದು ಮಣಿ. ಅಂಥವನ ತಂಗಿಗೆ ಮುಕ್ತಾ ಎಂಬ ಹೆಸರು. ಯಾರು ಇಟ್ಟರೋ, ಎಂಥ ಕಣ್ಣಿತ್ತೋ ಅವರಿಗೆ!

ಒಂದು ದಿನ ಅಜಗಣ್ಣ ತೀರಿಕೊಂಡ. ತಂಗಿ ಅತ್ತಳು. ಆ ಅಳುವಿನ ನಡುವೆ ಅಲ್ಲಿಗೆ ಬಂದವನು ಅಲ್ಲಮಪ್ರಭು. ಆಮೇಲೆ ನಡೆದದ್ದನ್ನು ಶೂನ್ಯಸಂಪಾದನೆಯಲ್ಲಿ ಓದಬೇಕು. ಅದರಲ್ಲಿ ಮುಕ್ತಾಯಕ್ಕನ ಪ್ರಸಂಗಕ್ಕೆಂದೇ ಒಂದು ಭಾಗವಿದೆ. ಯಾರು ನೀನು, ಯಾಕೆ ಅಳುತ್ತೀಯೆ ಎಂದು ಅಲ್ಲಮ ಕೇಳುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಮನ ಮುಂದೆ ಕೈಮುಗಿದು ಸುಮ್ಮನಾಗುತ್ತಿದ್ದರು. ಮಹಾಜ್ಞಾನಿಗಳೇ ತಲೆ ತಗ್ಗಿಸಿದ ಎದುರಾಳಿ ಅವನು. ಈ ಹೆಣ್ಣುಮಗಳು ಕಣ್ಣೀರು ಒರೆಸಿಕೊಳ್ಳದೆಯೇ ಅವನಿಗೆ ಎದುರುತ್ತರ ಕೊಟ್ಟಳು. ಸಾವಿನ ಮಾತು ಹಿಂದಾಯಿತು, ಮಾತಿನ ಮಾತೇ ಮುಂದಾಯಿತು. ತಿಳಿದವನಿಗೆ ಮಾತು ಉಳಿಯುತ್ತದೆಯೇ? ಉಳಿದಿದ್ದರೆ ತಿಳಿದದ್ದು ನಿಜವೇ? ನನ್ನ ಅಣ್ಣ ಬಾಯಿ ಮುಚ್ಚಿಯೇ ಬದುಕಿದ, ನೀನು ಇಷ್ಟು ಮಾತಾಡುತ್ತಿದ್ದೀಯಲ್ಲ ಎಂಬ ಧಾಟಿಯಲ್ಲಿ ಅವಳು ಅಲ್ಲಮನನ್ನೇ ಒರೆಗೆ ಹಚ್ಚುತ್ತಾಳೆ. ಅವನು ಒಂದು ಪದರ ಬಿಡಿಸಿದರೆ ಅವಳು ಇನ್ನೊಂದು ಪದರ ತೋರಿಸುತ್ತಾಳೆ. ಸೋತು ಒಪ್ಪಿಕೊಂಡಳು ಎಂದು ನನಗೆ ಓದುವಾಗ ಅನ್ನಿಸುವುದಿಲ್ಲ. ದುಃಖ ಪೂರ್ತಿ ಮಾತಾಗಿ ಹರಿದ ಮೇಲೆ ಅವಳು ಶಾಂತಳಾದಳು.

ಮುಕ್ತಾ ಎಂಬ ಮಾತಿನ ಅರ್ಥ ಅಲ್ಲಿ ನನಗೆ ಹೊಳೆಯಿತು. ಮುಕ್ತ ಎಂದರೆ ಬಿಡುಗಡೆಯಾದದ್ದು. ಚಿಪ್ಪಿನಿಂದ ಬಿಡುಗಡೆಯಾಗಿ ಬಂದದ್ದರಿಂದ ಮುತ್ತಿಗೆ ಮುಕ್ತಾ ಎಂದು ಹೆಸರು ಎನ್ನುತ್ತಾರೆ. ಚಿಪ್ಪಿನಿಂದ ಬಿಟ್ಟದ್ದು ಮುತ್ತು, ಭವದಿಂದ ಬಿಟ್ಟದ್ದು ಮುಕ್ತಿ. ಮುಕ್ತಾಯಕ್ಕನ ಹೆಸರಿನಲ್ಲಿ ಎರಡೂ ಇವೆ. ಚಿಪ್ಪು ತನ್ನೊಳಗೆ ಹೊಕ್ಕ ನೋವಿಗೆ ಪದರ ಪದರ ಹೊಳಪು ಸುತ್ತುತ್ತದೆ ಎಂದೆನಲ್ಲ, ಅಣ್ಣನ ಸಾವಿಗೆ ಅವಳು ಮಾಡಿದ್ದೂ ಅದನ್ನೇ. ಅವಳ ವಚನಗಳ ಅಂಕಿತದಲ್ಲಿ ಇರುವುದು ಅಣ್ಣನ ಹೆಸರೇ, ಅಜಗಣ್ಣ. ಮೂವತ್ತಕ್ಕೂ ಹೆಚ್ಚು ವಚನಗಳು ಉಳಿದು ನಮ್ಮ ಕೈಗೆ ಬಂದಿವೆ. ಪ್ರತಿಯೊಂದರ ನಡುವೆಯೂ ಆ ಒಂದು ಕಲ್ಲು, ಅಣ್ಣ ಇಲ್ಲ ಎಂಬುದು. ಶರಣರಿಗೆ ಮುತ್ತಿನ ಬೆಲೆ ಗೊತ್ತಿತ್ತು. ಬಸವಣ್ಣನವರು ಒಳ್ಳೆಯ ನುಡಿಯನ್ನು ಹೋಲಿಸಿದ್ದು ಮೊದಲು ಮುತ್ತಿಗೆ, ಮಾಣಿಕ್ಯದ ಸರದಿ ಆಮೇಲೆ.

ನೂರು ವರ್ಷ ಕಳೆದ ಮೇಲೆ, ನಮ್ಮ ಗಡಿಯ ಆಚೆ ಮರಾಠಿ ನಾಡಿನಲ್ಲಿ ಇನ್ನೊಬ್ಬ ತಂಗಿ ಹುಟ್ಟಿದಳು. ಜ್ಞಾನೇಶ್ವರನ ತಂಗಿ. ಲೋಕದ ನಿಂದೆಗೆ ಮನನೊಂದು ಅಣ್ಣ ಗುಡಿಸಲ ತಟ್ಟಿ ಹಾಕಿಕೊಂಡು ಕೂತಾಗ, ಬಾಗಿಲು ತೆಗಿ ಅಣ್ಣಾ ಎಂದು ಹಾಡಿ ಹೊರಗೆ ಕರೆದ ಹುಡುಗಿ. ಅವಳ ಹೆಸರೂ ಮುಕ್ತಾ, ಮುಕ್ತಾಬಾಯಿ. ಇಬ್ಬರು ಸಂತರು, ಇಬ್ಬರು ತಂಗಿಯರು, ಒಂದೇ ಮುತ್ತು. ಇದನ್ನು ಆಕಸ್ಮಿಕ ಎನ್ನುವವರು ಎನ್ನಲಿ, ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ದುರ್ಗಕ್ಕೆ ಮರಳೋಣ. ಒನಕೆ ಓಬವ್ವನನ್ನು ಬಿಟ್ಟರೆ ಈ ಕೋಟೆಯಲ್ಲಿ ಹೊರಗಿನವರು ಹೆಸರು ಹಿಡಿದು ಕೇಳುವ ಹೆಣ್ಣು ಯಾರು ಹೇಳಿ? ಮಾರ್ಗರೆಟ್! ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು 1972ರಲ್ಲಿ ಮಾಡಿದ 'ನಾಗರಹಾವು' ಚಿತ್ರದ ಮಾರ್ಗರೆಟ್. ರಾಮಾಚಾರಿ ಅವಳ ಹಿಂದೆ ಈ ಬಂಡೆಗಳ ಮೇಲೆಲ್ಲ ಓಡಾಡಿದ. ಇಂದಿಗೂ ಕೋಟೆ ನೋಡಲು ಬಂದವರು ಆ ಜಾಗ ಎಲ್ಲಿ ಎಂದು ಕೇಳುತ್ತಾರೆ. ಈ ಮಾರ್ಗರೆಟ್ ಎಂಬ ಹೆಸರಿನ ಅರ್ಥ ಗೊತ್ತೇ? ಮುತ್ತು! ಗ್ರೀಕರು ಮುತ್ತಿಗೆ ಮಾರ್ಗರೀಟೆಸ್ ಎನ್ನುತ್ತಿದ್ದರು, ಅದನ್ನು ಅವರು ಪೂರ್ವದ ಕಡೆಯವರಿಂದ ಎರವಲು ಪಡೆದರು, ಆಮೇಲೆ ಅದು ಯುರೋಪಿನ ತುಂಬ ಹೆಣ್ಣುಮಕ್ಕಳ ಹೆಸರಾಯಿತು. ಇದನ್ನು ಮೊದಲ ಸಲ ಓದಿದ ದಿನ ನಾನು ನೆಟ್ಟಗೆ ಬೆಟ್ಟಕ್ಕೆ ಹೋಗಿ ಬಂದೆ. ಜಾತಿ ಮತದ ಗೋಡೆಗೆ ಬಡಿದು ನಮ್ಮ ಬೆಟ್ಟದ ಮೇಲೆ ಮುಗಿದುಹೋದ ಆ ಹುಡುಗಿಯ ಹೆಸರು, ಅವಳನ್ನು ದೂರವಿಟ್ಟ ಊರಿನ ಹಟ್ಟಿಗಳಲ್ಲಿ ಅಜ್ಜಿಯರಿಗೆ ಇದ್ದ ಹೆಸರೇ. ಮಾರ್ಗರೆಟ್ ಮತ್ತು ಮುತ್ತಮ್ಮ, ಅರ್ಥದಲ್ಲಿ ಇಬ್ಬರೂ ಒಂದೇ. ಊರಿಗೆ ಇದು ತಿಳಿದಿದ್ದರೆ!

ಪಾರ್ಸಿ ಭಾಷೆಯ 'ಗೌಹರ್' ಎಂಬ ಹೆಣ್ಣು ಹೆಸರಿಗೂ ರತ್ನ, ಮುತ್ತು ಎಂಬ ಅರ್ಥ. ನಮ್ಮ ದೇಶದ ಮೊದಲ ಗ್ರಾಮಫೋನ್ ತಾರೆ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಗಂಡುಮಕ್ಕಳಿಗೂ ಮುತ್ತಿನ ಹೆಸರು ಉಂಟು. ಕನ್ನಡಿಗರ ರಾಜಕುಮಾರ್ ಅವರಿಗೆ ಹೆತ್ತವರು ಇಟ್ಟದ್ದು ಮುತ್ತುರಾಜ ಎಂಬ ಹೆಸರು, ಕಾವೇರಿ ದಂಡೆಯ ಮುತ್ತೆತ್ತಿರಾಯನ ಹರಕೆಯಿಂದ. ಸೀತಮ್ಮನ ಮುತ್ತು ಹೊಳೆಯಲ್ಲಿ ಬಿದ್ದಾಗ ಹನುಮಂತ ಅದನ್ನು ಎತ್ತಿಕೊಟ್ಟದ್ದರಿಂದ ಮುತ್ತೆತ್ತಿ ಎಂದು ಆ ಊರಿನವರ ಕಥೆ.

ಹಿರಿಯೂರಿನ ಬಂಧುಗಳು, ನಮ್ಮ ಕೆಂಪಿನ ಮಾತೇ ಬರಲಿಲ್ಲವಲ್ಲ ಎನ್ನಬಹುದು. ಅಕ್ಕಸಾಲಿಗರ ಬಾಯಲ್ಲಿ ಕೆಂಪು ಎಂದರೆ ಮಾಣಿಕ್ಯದ ಹರಳು. ನಿಮ್ಮ ಮಾರಿಕಣಿವೆಯ ಕೆರೆಗೆ ವಾಣಿವಿಲಾಸ ಸಾಗರ ಎಂಬ ಹೆಸರು ಬಂದದ್ದು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರಿಂದ. 1894ರಲ್ಲಿ ಪತಿಯನ್ನು ಕಳೆದುಕೊಂಡು, ಮಗ ಚಿಕ್ಕವನಾದ್ದರಿಂದ 1902ರ ತನಕ ರಾಜ್ಯ ನೋಡಿಕೊಂಡ ತಾಯಿ. ಅವರ ಆಡಳಿತದಲ್ಲಿ ಶುರುವಾದ ಅಣೆಕಟ್ಟು 1907ರಲ್ಲಿ ಮುಗಿಯಿತು. ಅದಕ್ಕಾಗಿ ಅವರು ಮೈಮೇಲಿನ ಒಡವೆ ಅಡವಿಟ್ಟರು ಎಂದು ನಮ್ಮ ಜನ ಇಂದಿಗೂ ಹೇಳುತ್ತಾರೆ. ಹಾಗೆ ಹೇಳುವಾಗ ಅವರ ಮನಸ್ಸಿನಲ್ಲಿರುವುದು ಒಡವೆ ನೀರಾಯಿತು, ನೀರು ಕಾಳಾಯಿತು ಎಂಬ ಭಾವ. 1933ರಲ್ಲಿ ಕೋಡಿ ಬಿದ್ದ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅವತ್ತು ಕೋಡಿಯ ಮುಂದೆ ನಿಂತು ಹಾರಿ ಬರುತ್ತಿದ್ದ ಹನಿಗಳನ್ನು ಮುಖಕ್ಕೆ ಒಡ್ಡಿದವರನ್ನು ಕೇಳಿ ನೋಡಿ, ಮುತ್ತು ಎಂದರೆ ಏನೆಂದು ಅವರು ಹೇಳುತ್ತಾರೆ.

ಆ ಕಣಿವೆಯ ಮಾರಮ್ಮ ಇನ್ನೊಂದು ಮುತ್ತನ್ನು ನೆನಪಿಸುತ್ತಾಳೆ, ಅದು ನೋವಿನ ಮುತ್ತು. ತಮಿಳರು ಸಿಡುಬಿನ ಗುಳ್ಳೆಗೆ ಮುತ್ತು ಎಂದರು, ಅದನ್ನು ಕೊಡುವ ತಾಯಿಗೆ ಮುತ್ತುಮಾರಿ ಎಂದರು. ಭಯಂಕರವಾದದ್ದನ್ನು ಚೆಂದದ ಹೆಸರಿನಿಂದ ಕರೆದು ಸಮಾಧಾನಪಡಿಸಿದ ಹಿರಿಯರ ಎದೆಯನ್ನು ನೆನೆದರೆ ಗಂಟಲು ಕಟ್ಟುತ್ತದೆ. 1975ಕ್ಕೆ ನಮ್ಮ ದೇಶದಿಂದ ಆ ರೋಗ ಹೋಯಿತು. ಒಳ್ಳೆಯ ಮುತ್ತು ಮಾತ್ರ ಉಳಿಯಲಿ ಎಂದು ನಾವು ಬೇಡಿಕೊಳ್ಳಬೇಕಾದ ಕಾಲದಲ್ಲಿ, ಅದೇ ಕಾಲದಲ್ಲಿ, ಒಳ್ಳೆಯ ಮುತ್ತೂ ಮರೆಯಾಗತೊಡಗಿತು.

ಅದು ನನ್ನ ಕಣ್ಣೆದುರಿಗೇ ನಡೆಯಿತು. ನಾನು ಕೆಲಸಕ್ಕೆ ಸೇರಿದಾಗ ಹಾಜರಿ ಪುಸ್ತಕದಲ್ಲಿ ಮುತ್ತಮ್ಮ, ಮುತ್ತಕ್ಕ, ರತ್ನಮ್ಮ, ಹವಳಮ್ಮ, ನಾಗಮಣಿ ಎಲ್ಲರೂ ಸಾಲಾಗಿ 'ಬಂದೀನಿ ಸಾ' ಎನ್ನುತ್ತಿದ್ದರು. ಆಮೇಲೆ ಅಮ್ಮ, ಅಕ್ಕ ಉದುರಿ ರತ್ನ, ಮಣಿ ಆದರು. ಆಮೇಲೆ ಸಿನಿಮಾ ಹೆಸರು, ಧಾರಾವಾಹಿ ಹೆಸರು. ಒಂದು ವರ್ಷ ಹತ್ತನೆಯ ತರಗತಿಯ ಪರೀಕ್ಷೆ ಅರ್ಜಿ ತುಂಬಿಸುವಾಗ ಒಬ್ಬ ಹುಡುಗಿ ಎಲ್ಲರೂ ಹೋಗುವ ತನಕ ಕಾದು ನನ್ನ ಮೇಜಿನ ಹತ್ತಿರ ಬಂದಳು. "ಸಾ, ನನ್ನ ಹೆಸರು ಬದಲಾಯಿಸಿ ಕೊಡ್ತೀರಾ? ಎಲ್ಲಾರೂ ನಗ್ತಾರೆ ಸಾ" ಅಂದಳು. ಅವಳ ಹೆಸರು ಮುತ್ತಮ್ಮ. ಅಜ್ಜಿಯ ಹೆಸರು, ಅಜ್ಜಿ ಸತ್ತ ವರ್ಷ ಹುಟ್ಟಿದವಳೆಂದು ಇಟ್ಟದ್ದು. ಮನೆಯವರು ಒಪ್ಪಿದರು, ಕಾಗದ ಪತ್ರ ಆಯಿತು, ನಾನೇ ಸಹಿ ಹಾಕಿ ಕಳಿಸಿದೆ. ಹೊಸ ಹೆಸರಿನಲ್ಲಿ ಒಳ್ಳೆಯ ಅಂಕವನ್ನೂ ತೆಗೆದಳು. ಅವತ್ತು ನಾನು ಅವಳನ್ನು ಕೂರಿಸಿಕೊಂಡು ಮುಕ್ತಾಯಕ್ಕನ ಕಥೆ ಹೇಳಬೇಕಿತ್ತು, ಅಲ್ಲಮನ ಎದುರು ನಿಂತವಳ ಹೆಸರಮ್ಮ ನಿನ್ನದು ಎನ್ನಬೇಕಿತ್ತು. ಹೇಳಲಿಲ್ಲ. ನಕ್ಕವರಿಗಾದರೂ ಹೇಳಬಹುದಿತ್ತು. ಅದನ್ನೂ ಮಾಡಲಿಲ್ಲ. ಈ ಹೆಸರಿನ ಬಗ್ಗೆ ನಾನು ಓದಿದ್ದು, ತಿರುಗಿದ್ದು, ಕೇಳಿದ್ದು ಎಲ್ಲವೂ ಆ ಸಹಿ ಹಾಕಿದ ಮೇಲಿನದು.

ನಮ್ಮ ಕಡೆ ತೊಟ್ಟಿಲು ಶಾಸ್ತ್ರದಲ್ಲಿ ಮಗುವಿಗಿಂತ ಮೊದಲು ಗುಂಡಪ್ಪನನ್ನು ತೊಟ್ಟಿಲಿಗೆ ಹಾಕುತ್ತಾರೆ, ಗೊತ್ತಲ್ಲ? ಒಂದು ಗುಂಡುಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಅದನ್ನು ತೂಗಿ, ಆಮೇಲೆ ಮಗುವನ್ನು ಮಲಗಿಸುತ್ತಾರೆ. ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಆಮೇಲೆ ಸೋದರತ್ತೆ ಕಿವಿಯಲ್ಲಿ ಹೆಸರು ಊದುತ್ತಾಳೆ. ಕಲ್ಲು ಮೊದಲು, ಮುತ್ತು ಆಮೇಲೆ. ಪಕ್ಕದ ಮನೆಯಾಕೆಗೆ ನಾನು ಇಷ್ಟೆಲ್ಲ ಹೇಳಿದೆ. ಮುತ್ತಮ್ಮ ಹಳತಾಯಿತು ಅನ್ನಿಸಿದರೆ ಮುಕ್ತಾ ಎನ್ನಿ, ಮುತ್ತು ಎಂದೇ ಬಿಡಿ, ಎರಡಕ್ಷರ ಹೇಳಲು ಯಾರ ನಾಲಗೆಯೂ ತೊಡರುವುದಿಲ್ಲ ಎಂದೆ. ಅವರು ಚೀಟಿ ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಮಗಳಿಗೆ ಹೇಳಿ ನೋಡ್ತೀನಿ. ನಮ್ಮಜ್ಜಿಗೆ ಆ ಹೆಸರು ಯಾಕೆ ಇಟ್ಟಿದ್ರೋ, ನಾನು ಯಾವತ್ತೂ ಕೇಳಲೇ ಇಲ್ಲ ನೋಡಿ" ಎಂದು ಎದ್ದರು.

ಬಂಧುಗಳೇ, ಆ ಮಾತನ್ನೇ ನಿಮ್ಮ ಮುಂದೆ ಇಡುತ್ತೇನೆ. ನಿಮ್ಮ ಊರಿನಲ್ಲಿ, ನಿಮ್ಮ ಹಟ್ಟಿಯಲ್ಲಿ, ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತ ಒಬ್ಬ ಮುತ್ತಮ್ಮ ಇನ್ನೂ ಇದ್ದಾಳು. ಹೊಸದುರ್ಗದ ಕಡೆ ಇರಬಹುದು, ಹೊಳಲ್ಕೆರೆಯ ಅಡಿಕೆ ತೋಟದ ಪಕ್ಕ ಇರಬಹುದು. ಹತ್ತಿರ ಹೋಗಿ ಕೂತುಕೊಳ್ಳಿ. ಅಜ್ಜೀ, ನಿನಗೆ ಈ ಹೆಸರು ಇಟ್ಟವರು ಯಾರು, ನೀನು ಹುಟ್ಟಿದ ವರ್ಷ ಮಳೆ ಹೇಗಿತ್ತು ಎಂದು ಕೇಳಿ. ಅವಳು ಹೇಳಿದ್ದನ್ನು ಮಕ್ಕಳ ನೋಟ್ ಪುಸ್ತಕದ ಹಿಂದಿನ ಹಾಳೆಯಲ್ಲಾದರೂ ಸರಿ, ಅವಳ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ದಯವಿಟ್ಟು ಈ ಸ್ವಾತಿ ಮಳೆ ಮುಗಿಯುವುದರೊಳಗೆ ಕೇಳಿ.